ಉಚಿತವಾಗಿ ಓದಲು ದಾರಿಗಳಿವೆ: ಅಂತರಜಾಲದಲ್ಲಿ ಪುಸ್ತಕ ಹುಡುಕುವವರಿಗೆ ಕೆಲವು ಮಾತುಗಳು

(ಓದುಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಹೆಚ್ಚು ಓದುವವರಿಗೆ ಪುಸ್ತಕದ ಖರ್ಚು ಸಣ್ಣದಲ್ಲ. ತಿಂಗಳಿಗೆ ನಾಲ್ಕೈದು ಪುಸ್ತಕ ಮುಗಿಸುವ ವಿದ್ಯಾರ್ಥಿಯಾಗಲಿ, ಪಿಂಚಣಿಯಲ್ಲಿ ಬದುಕುವ ಹಿರಿಯರಾಗಲಿ ಓದಬೇಕೆನಿಸಿದ್ದನ್ನೆಲ್ಲ ಕೊಂಡು ಓದುವುದು ಆಗದ ಮಾತು. ಆದ್ದರಿಂದಲೇ ಯಾವುದಾದರೂ ಪುಸ್ತಕದ ಹೆಸರು ಹೇಳಿದ ಕೂಡಲೇ "ಪಿಡಿಎಫ್ ಸಿಗುತ್ತದೆಯೇ?" ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಅದರ ಹಿಂದೆ ಓದುವ ಹಸಿವಿದೆ. ನನ್ನ ಉತ್ತರವೂ ಸ್ಪಷ್ಟವಾಗಿದೆ: ಸಿಗುತ್ತದೆ, ನೀವು ಎಣಿಸಿರುವುದಕ್ಕಿಂತ ಹೆಚ್ಚು ಸಿಗುತ್ತದೆ, ಮತ್ತು ಯಾರ ದುಡಿಮೆಯನ್ನೂ ಕಸಿಯದೆ ಸಿಗುತ್ತದೆ. ಆದರೆ ಯಾವ ಪುಸ್ತಕ ಏಕೆ ಉಚಿತ ಎಂಬುದು ತಿಳಿಯದಿದ್ದರೆ ಅದನ್ನು ಎಲ್ಲಿ ಹುಡುಕಬೇಕೆಂಬುದೂ ತಿಳಿಯುವುದಿಲ್ಲ. ಹಾಗಾಗಿ ಜಾಲತಾಣಗಳ ಹೆಸರು ಹೇಳುವ ಮೊದಲು ಸ್ವಲ್ಪ ಕಾನೂನಿನ ಮಾತನ್ನಾಡುತ್ತೇನೆ.

ನಮ್ಮ ದೇಶದಲ್ಲಿ ಜಾರಿಯಲ್ಲಿರುವುದು 1957ರ ಕೃತಿಸ್ವಾಮ್ಯ ಕಾಯ್ದೆ. ಅದರ ಪ್ರಕಾರ ಲೇಖಕರ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಯ ಮೇಲಿನ ಹಕ್ಕು ಅವರು ಬದುಕಿರುವವರೆಗೂ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷವೂ ಇರುತ್ತದೆ. ಈ 60 ವರ್ಷವನ್ನು ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ ಎಣಿಸಬೇಕು. ಮೊದಲು ಇದು 50 ವರ್ಷವಿತ್ತು. ರವೀಂದ್ರನಾಥ ಟಾಗೋರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವ ಹೊತ್ತಿಗೆ ಚರ್ಚೆ ಎದ್ದು, 1992ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಅವಧಿಯನ್ನು ಹತ್ತು ವರ್ಷ ಹೆಚ್ಚಿಸಿದರು. ಲೇಖಕರು ತೀರಿಕೊಂಡ ಮೇಲೆ ಮೊದಲ ಬಾರಿಗೆ ಅಚ್ಚಾದ ಕೃತಿಗಳಿಗೂ, ಸರ್ಕಾರಿ ಪ್ರಕಟಣೆಗಳಿಗೂ ಪ್ರಕಟವಾದ ವರ್ಷದಿಂದ ಈ ಲೆಕ್ಕ ಹಿಡಿಯಬೇಕು. ಅವಧಿ ಮುಗಿದ ಕೃತಿ ಸಾರ್ವಜನಿಕ ಸ್ವತ್ತಾಗುತ್ತದೆ. ಅಂದರೆ ಅದನ್ನು ಯಾರು ಬೇಕಾದರೂ ಓದಬಹುದು, ನಕಲು ಮಾಡಬಹುದು, ಅಚ್ಚು ಹಾಕಬಹುದು, ಜಾಲಕ್ಕೆ ಏರಿಸಬಹುದು. ಯಾರ ಅನುಮತಿಯೂ ಬೇಕಿಲ್ಲ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಪುಸ್ತಕ ಹಳೆಯದಾದಷ್ಟೂ ಮುಕ್ತ ಎಂದುಕೊಳ್ಳುತ್ತಾರೆ. ಹಾಗಲ್ಲ. ಇಬ್ಬರು ಲೇಖಕಿಯರನ್ನು ನೋಡಿ. ನಂಜನಗೂಡು ತಿರುಮಲಾಂಬ ಅವರು ಹುಟ್ಟಿದ್ದು 1887ರಲ್ಲಿ; ಅವರ 'ಸುಶೀಲೆ' ಕಾದಂಬರಿ ಪ್ರಕಟವಾದದ್ದು 1913ರಲ್ಲಿ. ತ್ರಿವೇಣಿ ಅವರು ಹುಟ್ಟಿದ್ದೇ 1928ರಲ್ಲಿ. ಆದರೆ ತಿರುಮಲಾಂಬ ಅವರು ದೀರ್ಘಾಯುಷಿಗಳಾಗಿ 1982ರಲ್ಲಿ ತೀರಿಕೊಂಡರು. ತ್ರಿವೇಣಿ ಅವರು ಇನ್ನೂ ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ನಮ್ಮನ್ನು ಅಗಲಿದರು. ಹಾಗಾಗಿ ತ್ರಿವೇಣಿ ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದವು. ಅವರಿಗಿಂತ ನಾಲ್ಕು ದಶಕ ಮೊದಲು ಬರೆಯಲು ತೊಡಗಿದ ತಿರುಮಲಾಂಬ ಅವರ ಕೃತಿಗಳು ಮುಕ್ತವಾಗಬೇಕಾದರೆ 2043ರವರೆಗೆ ಕಾಯಬೇಕು. ನೀವು ನೋಡಬೇಕಾದದ್ದು ಶೀರ್ಷಿಕೆ ಪುಟದಲ್ಲಿರುವ ಮುದ್ರಣದ ವರ್ಷವನ್ನಲ್ಲ, ಲೇಖಕರು ತೀರಿಕೊಂಡ ವರ್ಷವನ್ನು.

ಈ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ಕನ್ನಡ ಸಾಹಿತ್ಯದ ನಕ್ಷೆಯೇ ಬೇರೆಯಾಗಿ ಕಾಣುತ್ತದೆ. ಮುದ್ದಣ, ಗುಲ್ವಾಡಿ ವೆಂಕಟರಾಯರು, ಬಿ. ವೆಂಕಟಾಚಾರ್ಯರು, ಎಂ.ಎಸ್. ಪುಟ್ಟಣ್ಣ, ಕೆರೂರು ವಾಸುದೇವಾಚಾರ್ಯರು, ಗಳಗನಾಥರು, ಪಂಜೆ ಮಂಗೇಶರಾಯರು, ಕೊಡಗಿನ ಗೌರಮ್ಮ, ಕೈಲಾಸಂ, ಬಿ.ಎಂ. ಶ್ರೀಕಂಠಯ್ಯ, ಇವರೆಲ್ಲರ ಬರಹಗಳೂ ಈಗಾಗಲೇ ನಮ್ಮೆಲ್ಲರವು. ಮಂಜೇಶ್ವರದ ಗೋವಿಂದ ಪೈಗಳು ತ್ರಿವೇಣಿ ಅವರು ಹೋದ ವರ್ಷವೇ ತೀರಿಕೊಂಡವರು, ಆದ್ದರಿಂದ ಅವರೂ 2024ಕ್ಕೆ ಸೇರಿದರು. ಮರುವರ್ಷ ಇನ್ನೂ ದೊಡ್ಡ ಸಂಪತ್ತು ಬಂತು. 'ಕರ್ನಾಟಕ ಗತವೈಭವ' ಬರೆದ ಆಲೂರು ವೆಂಕಟರಾಯರೂ, ತಾಳೆಗರಿಗಳನ್ನು ಮನೆಮನೆಯಿಂದ ಹುಡುಕಿ ತಂದು ವಚನಗಳನ್ನು ಅಚ್ಚಿಗೆ ಇಳಿಸಿದ ವಿಜಯಪುರದ ಫ.ಗು. ಹಳಕಟ್ಟಿಯವರೂ ತೀರಿಕೊಂಡದ್ದು 1964ರಲ್ಲಿ. 2025ರ ಜನವರಿ 1ರಂದು ಇಬ್ಬರ ಬರಹಗಳೂ ಒಟ್ಟಿಗೇ ಮುಕ್ತವಾದವು. ಕರ್ನಾಟಕವನ್ನು ಒಂದುಗೂಡಿಸಲು ದುಡಿದವರು ಒಬ್ಬರು, ವಚನಗಳನ್ನು ಉಳಿಸಲು ಜೀವ ತೇದವರು ಇನ್ನೊಬ್ಬರು. ಅಂತಹ ದಿನವನ್ನು ನಾವು ನಾಡಹಬ್ಬದಂತೆ ಆಚರಿಸಬೇಕಿತ್ತು ಎಂದು ನನಗೆ ನಿಜವಾಗಿಯೂ ಅನಿಸುತ್ತದೆ.

ಮುಂದಿನದನ್ನು ನೀವೇ ಲೆಕ್ಕ ಹಾಕಬಹುದು. 'ವಚನ ಭಾರತ'ದ ಎ.ಆರ್. ಕೃಷ್ಣಶಾಸ್ತ್ರಿಗಳು ತೀರಿಕೊಂಡದ್ದು 1968ರಲ್ಲಿ, ಆದ್ದರಿಂದ 2029. ಅ.ನ. ಕೃಷ್ಣರಾಯರು 1971, ಆದ್ದರಿಂದ 2032. ಡಿವಿಜಿ 1975, ಆದ್ದರಿಂದ 2036. ಬೇಂದ್ರೆ, ಮಾಸ್ತಿ, ಕುವೆಂಪು, ಕಾರಂತರ ಸರದಿ ಬರುವುದು ಇನ್ನೂ ಮುಂದೆ. ಅವರ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಜಾಲದಲ್ಲಿ ಓಡಾಡುತ್ತಿರಬಹುದು. ಕಣ್ಣಿಗೆ ಬಿದ್ದ ಮಾತ್ರಕ್ಕೆ ಅವು ಮುಕ್ತವಾದವೆಂದು ಅರ್ಥವಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಂಪನ ಕಾವ್ಯ ಹತ್ತನೆಯ ಶತಮಾನದ್ದು, ಅದಕ್ಕೆ ಯಾರ ಹಕ್ಕೂ ಇಲ್ಲ. ಆದರೆ ಈಚಿನ ವಿದ್ವಾಂಸರೊಬ್ಬರು ಅದಕ್ಕೆ ಬರೆದ ಪೀಠಿಕೆ, ಟಿಪ್ಪಣಿ, ಗದ್ಯಾನುವಾದಗಳ ಹಕ್ಕು ಅವರದೇ. ಅನುವಾದಗಳಿಗೂ ಇದೇ ಮಾತು. ಟಾಲ್‌ಸ್ಟಾಯ್ ತೀರಿಕೊಂಡು ನೂರು ವರ್ಷ ಕಳೆದಿದೆ. ಆದರೂ ಅವರ ಕಾದಂಬರಿಗಳ ಇಂಗ್ಲಿಷ್ ಅನುವಾದಗಳಲ್ಲಿ ಉಚಿತವಾಗಿ ಸಿಗುವುದು 1946ರಲ್ಲಿ ತೀರಿಕೊಂಡ ಕಾನ್‌ಸ್ಟನ್ಸ್ ಗಾರ್ನೆಟ್ ಅಂತಹವರ ಹಳೆಯ ಅನುವಾದಗಳೇ ಹೊರತು ಈಚೆಗೆ ಬಂದವಲ್ಲ.

ಈಗ ಎಲ್ಲಿ ಹುಡುಕಬೇಕೆಂಬುದಕ್ಕೆ ಬರೋಣ. ಇಂಗ್ಲಿಷ್ ಓದುವವರಿಗೆ ಮೊದಲ ನಿಲ್ದಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್. 1971ರ ಜುಲೈ 4ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಹಾರ್ಟ್ ಎಂಬ ವಿದ್ಯಾರ್ಥಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಅಲ್ಲಿನ ಕಂಪ್ಯೂಟರ್‌ನಲ್ಲಿ ತಾನೇ ಟೈಪ್ ಮಾಡಿ ಎಲ್ಲರಿಗೂ ಸಿಗುವಂತೆ ಇಟ್ಟದ್ದರಿಂದ ಅದು ಆರಂಭವಾಯಿತು. ಜನಸಾಮಾನ್ಯರು ಇಂಟರ್ನೆಟ್ ಎಂಬ ಹೆಸರನ್ನೇ ಕೇಳಿರದ ಕಾಲವದು. ಇಂದು ಅಲ್ಲಿ 70,000ಕ್ಕೂ ಹೆಚ್ಚು ಪುಸ್ತಕಗಳಿವೆ, ಖಾತೆ ತೆರೆಯದೆಯೇ ಇಳಿಸಿಕೊಳ್ಳಬಹುದು. ಅಲ್ಲಿಯ ಪುಸ್ತಕಗಳು ಪುಟದ ಚಿತ್ರಗಳಲ್ಲ, ಅಕ್ಷರ ಜೋಡಿಸಿ ಸ್ವಯಂಸೇವಕರು ಕರಡು ತಿದ್ದಿದ ಪಠ್ಯಗಳು. ಹಾಗಾಗಿ ಇಪಬ್ ಎಂಬ ಇ-ಪುಸ್ತಕದ ಕಡತ ಇಳಿಸಿಕೊಂಡರೆ ಮೊಬೈಲಿನಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು, ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಕಣ್ಣು ಮಂಜಾಗಿರುವ ಹಿರಿಯರಿಗೆ ಇದು ಎಷ್ಟು ದೊಡ್ಡ ಉಪಕಾರವೆಂಬುದನ್ನು ಮನೆಯಲ್ಲಿ ಅಂತಹ ಓದುಗರಿರುವವರು ಬಲ್ಲರು. ಇದೇ ಪಠ್ಯಗಳನ್ನು ಇನ್ನೂ ಅಚ್ಚುಕಟ್ಟಾಗಿ ಸಿದ್ಧಪಡಿಸಿ ಕೊಡುವ ಸ್ಟ್ಯಾಂಡರ್ಡ್ ಇಬುಕ್ಸ್ ಎಂಬ ತಾಣವಿದೆ. ಕೇಳಿಸಿಕೊಳ್ಳಬೇಕೆನ್ನುವವರಿಗೆ ಸ್ವಯಂಸೇವಕರು ಓದಿ ಧ್ವನಿಮುದ್ರಿಸಿದ ಲಿಬ್ರಿವಾಕ್ಸ್ ಇದೆ.

ಗುಟೆನ್‌ಬರ್ಗ್ ಅಮೆರಿಕದ ಕಾನೂನಿಗೆ ಒಳಪಟ್ಟದ್ದು. ಅಲ್ಲಿ ಹಳೆಯ ಪುಸ್ತಕಗಳ ಹಕ್ಕು ಪ್ರಕಟವಾದ ವರ್ಷದಿಂದ 95 ವರ್ಷ. ಇದರಿಂದ ವಿಚಿತ್ರ ಸನ್ನಿವೇಶಗಳು ಹುಟ್ಟುತ್ತವೆ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1950ರಲ್ಲಿ ತೀರಿಕೊಂಡರು. ಭಾರತದ ಲೆಕ್ಕದಲ್ಲಿ ಅವರ ಕೃತಿಗಳು 2011ರಿಂದಲೇ ಮುಕ್ತ. ಆದರೆ 1949ರಲ್ಲಿ ಬಂದ ಅವರ ಕೊನೆಯ ಕಾದಂಬರಿಗೆ ಅಮೆರಿಕದಲ್ಲಿ 2044ರ ಕೊನೆಯವರೆಗೂ ಹಕ್ಕು ಇರುತ್ತದೆ. ಆದ್ದರಿಂದ ಅದು ಅಮೆರಿಕದ ಗುಟೆನ್‌ಬರ್ಗ್ ತಾಣದಲ್ಲಿ ಸಿಗುವುದಿಲ್ಲ, ಆಸ್ಟ್ರೇಲಿಯಾದ ಗುಟೆನ್‌ಬರ್ಗ್ ತಾಣದಲ್ಲಿ ಸಿಗುತ್ತದೆ. ಒಂದು ಕಡೆ ಇಲ್ಲವೆಂದ ಕೂಡಲೇ ಹುಡುಕಾಟ ನಿಲ್ಲಿಸಬೇಡಿ.

ಕನ್ನಡ ಪುಸ್ತಕಗಳ ಕಥೆ ಬೇರೆ, ಮತ್ತು ಅದು ನನಗೆ ಹೆಚ್ಚು ಹತ್ತಿರದ್ದು. 2000ದ ದಶಕದ ಆರಂಭದಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿಯವರು ಮುಂದಾಳಾಗಿದ್ದ ಹತ್ತು ಲಕ್ಷ ಪುಸ್ತಕಗಳ ಯೋಜನೆಯ ಭಾಗವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಸಿಕೊಂಡು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಆರಂಭವಾಯಿತು. ದೇಶದ ಹಲವು ಗ್ರಂಥಾಲಯಗಳ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿದರು. ಅವುಗಳಲ್ಲಿ ಕನ್ನಡದವು ಸಾವಿರಾರು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಿಂದಲೂ ಕನ್ನಡ ಪುಸ್ತಕಗಳು ಬಂದವು. ಬೀದರ್, ಕಲಬುರಗಿ, ರಾಯಚೂರುಗಳು 1956ರವರೆಗೂ ಹೈದರಾಬಾದ್ ರಾಜ್ಯದಲ್ಲಿದ್ದುದನ್ನು ನೆನೆದರೆ ಅದರಲ್ಲಿ ಆಶ್ಚರ್ಯವಿಲ್ಲ. ಆ ಸ್ಕ್ಯಾನ್‌ಗಳನ್ನು ತೆರೆದರೆ ಮೊದಲ ಪುಟಗಳಲ್ಲೇ ಗ್ರಂಥಾಲಯದ ಚೀಟಿ ಕಾಣುತ್ತದೆ: ವರ್ಗ ಸಂಖ್ಯೆ, ದಾಖಲೆ ಸಂಖ್ಯೆ, ಕೈಬರಹದಲ್ಲಿ ಲೇಖಕರ ಹೆಸರು, ಕೆಳಗೆ ಕೊನೆಯಲ್ಲಿ ಗುರುತಿಸಿದ ದಿನಾಂಕದೊಳಗೆ ಪುಸ್ತಕವನ್ನು ಹಿಂದಿರುಗಿಸಬೇಕೆಂಬ ಸೂಚನೆ. ಎಷ್ಟೋ ಪುಸ್ತಕಗಳ ಮಟ್ಟಿಗೆ ಅಂಗಡಿಯಲ್ಲಿ ಪ್ರತಿ ಸಿಗದೆ ದಶಕಗಳಾಗಿವೆ. ಸಾಮಾನ್ಯ ಓದುಗನ ಕೈಗೆ ಎಟಕುವುದು ಈ ಸ್ಕ್ಯಾನ್ ಒಂದೇ.

ಆ ಯೋಜನೆಯ ಮೂಲ ಜಾಲತಾಣ ಈಗ ನಿಂತುಹೋಗಿದೆ. ಆದರೆ ಅದರ ಪುಸ್ತಕಗಳ ಬಹುದೊಡ್ಡ ಪಾಲು ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ ಉಳಿದಿದೆ. ಬ್ರೂಸ್ಟರ್ ಕಾಲ್ ಅವರು 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಥಾಪಿಸಿದ ಲಾಭರಹಿತ ಸಂಸ್ಥೆ ಅದು. ಕನ್ನಡ ಓದುಗರು ಒಂದೇ ಒಂದು ತಾಣದ ಹೆಸರನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಅಲ್ಲಿ ಹುಡುಕುವುದಕ್ಕೆ ತಾಳ್ಮೆ ಬೇಕು. ಸ್ಕ್ಯಾನ್ ಮಾಡಿದ ಕಾಲದಲ್ಲಿ ಶೀರ್ಷಿಕೆಗಳನ್ನು ಕನ್ನಡ ಲಿಪಿಯಲ್ಲಿ ದಾಖಲಿಸಲಿಲ್ಲ, ರೋಮನ್ ಅಕ್ಷರಗಳಲ್ಲಿ ಬರೆದರು, ಅದೂ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ. ದೀರ್ಘ ಸ್ವರಕ್ಕೆ ಒಂದು ಕಡೆ 'ಎ' ಎರಡು ಸಲ ಬಂದರೆ ಇನ್ನೊಂದು ಕಡೆ ಒಂದೇ ಸಲ. ಶಕಾರಕ್ಕೆ ಒಮ್ಮೆ 'ಎಸ್' ಮಾತ್ರ, ಒಮ್ಮೆ 'ಎಸ್‌ಎಚ್'. ಸಮಾಸ ಪದವನ್ನು ಒಬ್ಬರು ಕೂಡಿಸಿ ಬರೆದರೆ ಇನ್ನೊಬ್ಬರು ಒಡೆದು ಬರೆದಿದ್ದಾರೆ. ಲೇಖಕರ ಹೆಸರಿನ ಜಾಗದಲ್ಲಿ ಪ್ರಕಾಶಕರ ಹೆಸರಿರುವುದೂ ಉಂಟು. ಆದ್ದರಿಂದ ಪೂರ್ಣ ಶೀರ್ಷಿಕೆಯನ್ನು ಬರೆದು ಹುಡುಕಬೇಡಿ. ಶೀರ್ಷಿಕೆಯಲ್ಲಿ ಕಾಗುಣಿತ ತಪ್ಪುವ ಸಾಧ್ಯತೆ ಕಡಿಮೆಯಿರುವ ಒಂದು ಸಣ್ಣ ಪದವನ್ನು ಆರಿಸಿ, ಭಾಷೆಯನ್ನು ಕನ್ನಡಕ್ಕೆ ಸೀಮಿತಗೊಳಿಸಿ, ಎರಡು ಮೂರು ಬಗೆಯಲ್ಲಿ ಬರೆದು ನೋಡಿ. ಲೇಖಕರ ಹೆಸರಿನಿಂದ ಹುಡುಕುವಾಗ ಕಾವ್ಯನಾಮ, ಊರ ಹೆಸರು, ಮನೆತನದ ಹೆಸರು ಬೇರೆಬೇರೆಯಾಗಿ ಪ್ರಯತ್ನಿಸಿ. ಈ ಕಷ್ಟವನ್ನು ನೀಗಿಸಲೆಂದೇ 'ಸಂಚಯ' ಎಂಬ ಕನ್ನಡಿಗ ಸ್ವಯಂಸೇವಕರ ತಂಡ 'ಪುಸ್ತಕ ಸಂಚಯ'ವನ್ನು ರೂಪಿಸಿ, ಈ ಸಂಗ್ರಹಗಳ ಪುಸ್ತಕಪಟ್ಟಿಯನ್ನು ಕನ್ನಡದಲ್ಲೇ ಹುಡುಕುವಂತೆ ಮಾಡಿತು. ಇದೇ ತಂಡದ 'ವಚನ ಸಂಚಯ'ದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ತೋರಿಸುತ್ತದೆ. ಸಂಬಳವಿಲ್ಲದೆ, ಸಂಜೆಯ ಬಿಡುವಿನಲ್ಲಿ ಇಂತಹ ಕೆಲಸ ಮಾಡಿದವರಿಗೆ ಕನ್ನಡ ಓದುಗರು ಋಣಿಗಳಾಗಿರಬೇಕು.

ಪುಸ್ತಕ ಸಿಕ್ಕಿದ ಮೇಲೆ ಇಂಟರ್ನೆಟ್ ಆರ್ಕೈವ್ ಹಲವು ಬಗೆಯ ಕಡತಗಳನ್ನು ಮುಂದಿಡುತ್ತದೆ. ಕನ್ನಡದ ಹಳೆಯ ಸ್ಕ್ಯಾನ್ ಆದರೆ ಪಿಡಿಎಫ್ ಅನ್ನೇ ಆರಿಸಿ. ಇಪಬ್ ಎಂದು ಅಲ್ಲಿರುವುದು ಯಂತ್ರ ತಾನೇ ಓದಿ ಸಿದ್ಧಪಡಿಸಿದ್ದು. ಹಳೆಯ ಅಚ್ಚುಮೊಳೆಯ ಒತ್ತಕ್ಷರಗಳನ್ನು ಅದು ಓದುವಾಗ ಪಠ್ಯ ಗುರುತೇ ಸಿಗದಂತೆ ಕೆಟ್ಟಿರುತ್ತದೆ. ಇಳಿಸಿಕೊಂಡ ಕೂಡಲೇ ಪುಟಗಳನ್ನು ಒಮ್ಮೆ ತಿರುವಿ ನೋಡಿ; ನಡುವೆ ಪುಟ ಬಿಟ್ಟುಹೋಗಿರುವುದು, ಅಂಚು ಕತ್ತರಿಸಿರುವುದು ಅಪರೂಪವಲ್ಲ. ಅದೇ ಪುಸ್ತಕದ ಇನ್ನೊಂದು ಸ್ಕ್ಯಾನ್ ಬೇರೊಂದು ಗ್ರಂಥಾಲಯದಿಂದ ಬಂದಿರುವ ಸಾಧ್ಯತೆಯಿದೆ, ಅದನ್ನೂ ಹುಡುಕಿ.

ಇಷ್ಟು ಹೊತ್ತು ಹೇಳಿದ್ದು ಹಕ್ಕಿನ ಅವಧಿ ಮುಗಿದ ಪುಸ್ತಕಗಳ ಮಾತು. ಹಕ್ಕು ಇದ್ದೂ ಹಕ್ಕುದಾರರೇ ಎಲ್ಲರಿಗೂ ಬಿಟ್ಟುಕೊಟ್ಟ ಪುಸ್ತಕಗಳು ಇನ್ನೊಂದು ಬಗೆ. ಇದರಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ್ದು ನಿರಂಜನರ ಕುಟುಂಬದ ನಿರ್ಧಾರ. 2014ರಲ್ಲಿ ಅವರ 55 ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿದರು. ಕಾಯ್ದೆಯ ಪ್ರಕಾರ ನಡೆದಿದ್ದರೆ ಅವು 2050ರ ದಶಕದ ತನಕ ಮುಕ್ತವಾಗುತ್ತಿರಲಿಲ್ಲ. ಈ ಪರವಾನಗಿಯಡಿ ಓದುವುದಷ್ಟೇ ಅಲ್ಲ, ಲೇಖಕರ ಹೆಸರನ್ನು ಉಳಿಸಿಕೊಂಡು, ಅದೇ ಷರತ್ತಿನಲ್ಲಿ ಮರುಹಂಚಿಕೆಯನ್ನೂ ಮಾಡಬಹುದು. ಮೈಸೂರು ವಿಶ್ವವಿದ್ಯಾನಿಲಯವೂ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹೀಗೆಯೇ ಮುಕ್ತ ಪರವಾನಗಿಗೆ ತಂದಿತು. ಮಕ್ಕಳಿಗಾಗಿ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಇದೆ. ಅಲ್ಲಿಯ ಚಿತ್ರಕಥೆಗಳು ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಲ್ಪಟ್ಟಿವೆ, ಕನ್ನಡದಲ್ಲಿ ಧಾರಾಳವಾಗಿವೆ, ಇಳಿಸಿಕೊಂಡು ಮುದ್ರಿಸಿ ಕೊಡುವುದಕ್ಕೂ ಅಡ್ಡಿಯಿಲ್ಲ. ಹೊರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ತಂದೆತಾಯಂದಿರು ಪುಸ್ತಕ ಸಿಗುವುದಿಲ್ಲವೆಂದು ಹೇಳುವುದನ್ನು ಕೇಳಿದಾಗಲೆಲ್ಲ ನಾನು ಮೊದಲು ಈ ತಾಣದ ಹೆಸರನ್ನೇ ಹೇಳುತ್ತೇನೆ. ಸರ್ಕಾರದ ಇಲಾಖೆ, ಅಕಾಡೆಮಿಗಳ ಹಲವು ಪ್ರಕಟಣೆಗಳು 'ಕಣಜ' ಎಂಬ ಜಾಲತಾಣದಲ್ಲಿವೆ, ನಿಘಂಟುಗಳು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿವೆ, ಸಂಶೋಧನ ಪ್ರಬಂಧಗಳು 'ಶೋಧಗಂಗಾ'ದಲ್ಲಿವೆ.

ಮೂರನೆಯದು ಎರವಲು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರದ್ದು. ಅದರ ಪ್ರಕಾರ ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರವಿದೆ. ಅಂದರೆ ಗ್ರಂಥಾಲಯಕ್ಕೆ ನೀವು ಈಗಾಗಲೇ ಹಣ ಕೊಟ್ಟಿದ್ದೀರಿ. ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯಕ್ಕೆ ಮನೆಯಿಂದಲೇ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಅಮೆರಿಕ, ಕೆನಡಾ, ಇಂಗ್ಲೆಂಡುಗಳಲ್ಲಿರುವ ಕನ್ನಡಿಗರು ತಮ್ಮ ಊರಿನ ಗ್ರಂಥಾಲಯದ ಕಾರ್ಡಿನಿಂದ ಲಿಬ್ಬಿ ಎಂಬ ಆ್ಯಪಿನ ಮೂಲಕ ಹೊಸ ಇಂಗ್ಲಿಷ್ ಪುಸ್ತಕಗಳನ್ನೂ ಎರವಲು ಪಡೆಯಬಹುದು. ಇಂಟರ್ನೆಟ್ ಆರ್ಕೈವ್ ಕೂಡ ಹಕ್ಕುಳ್ಳ ಪುಸ್ತಕಗಳನ್ನು ಎರವಲು ಕೊಡುತ್ತಿತ್ತು. ಪ್ರಕಾಶಕರು 2020ರಲ್ಲಿ ದಾವೆ ಹೂಡಿದರು, 2023ರಲ್ಲಿ ತೀರ್ಪು ಸಂಸ್ಥೆಯ ವಿರುದ್ಧ ಬಂತು, 2024ರಲ್ಲಿ ಮೇಲ್ಮನವಿಯಲ್ಲೂ ಅದೇ ಎತ್ತಿಹಿಡಿಯಲ್ಪಟ್ಟಿತು. ಸುಮಾರು ಐದು ಲಕ್ಷ ಪುಸ್ತಕಗಳು ಎರವಲಿನಿಂದ ಹೊರಹೋದವು. ನಿಮ್ಮ ಹಳೆಯ ಪಟ್ಟಿಯಲ್ಲಿದ್ದ ಪುಸ್ತಕ ಈಗ ತೆರೆಯುತ್ತಿಲ್ಲವೆಂದರೆ ಕಾರಣ ಇದಿರಬಹುದು.

ಟೆಲಿಗ್ರಾಂ ಗುಂಪುಗಳ ಬಗ್ಗೆ ಮಾತನಾಡದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಕಳೆದ ತಿಂಗಳು ಬಿಡುಗಡೆಯಾದ ಕನ್ನಡ ಕಾದಂಬರಿಯ ಪಿಡಿಎಫ್ ಇಂದು ಅಲ್ಲಿ ಹರಿದಾಡುವುದನ್ನು ನೀವೂ ನೋಡಿರಬಹುದು. ಕನ್ನಡದಲ್ಲಿ ಬಹುಪಾಲು ಪುಸ್ತಕಗಳ ಮೊದಲ ಮುದ್ರಣ ಸಾವಿರ ಪ್ರತಿಯನ್ನು ದಾಟುವುದಿಲ್ಲ. ಅಷ್ಟು ಸಣ್ಣ ಲೆಕ್ಕದಲ್ಲಿ ನೂರು ಪ್ರತಿ ಮಾರಾಟವಾಗದೆ ಉಳಿದರೂ ಪ್ರಕಾಶಕರು ಆ ಲೇಖಕರ ಮುಂದಿನ ಪುಸ್ತಕಕ್ಕೆ ಹಿಂದೆಮುಂದೆ ನೋಡುತ್ತಾರೆ. ಮುಕ್ತವಾದ ಪುಸ್ತಕಗಳೇ ಸಾವಿರಾರು ಇರುವಾಗ ಬದುಕಿರುವ ಲೇಖಕರ ಅನ್ನದಿಂದ ತೆಗೆದುಕೊಳ್ಳುವ ಅಗತ್ಯ ನಮಗಿಲ್ಲ. ಹಳೆಯದನ್ನು ಉಚಿತವಾಗಿ ಓದಿ ಉಳಿಸಿದ ಹಣದಿಂದ ಹೊಸಬರ ಪುಸ್ತಕವೊಂದನ್ನು ಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಉಚಿತ ಪುಸ್ತಕದ ಹೆಸರಿನಲ್ಲಿ ಬ್ಯಾಂಕ್ ಕಾರ್ಡಿನ ಸಂಖ್ಯೆ ಕೇಳುವ, ಆ್ಯಪ್ ಹಾಕಿಕೊಳ್ಳಲು ಎಪಿಕೆ ಕಡತ ಕೊಡುವ ತಾಣಗಳನ್ನಂತೂ ಕೂಡಲೇ ಮುಚ್ಚಿಬಿಡಿ.

ಕೊನೆಯದಾಗಿ, ಪಡೆಯುವವರು ಸೇರಿಸಲೂ ಬಹುದೆಂಬುದನ್ನು ಹೇಳುತ್ತೇನೆ. ಮುಕ್ತ ಪುಸ್ತಕಗಳನ್ನು ಸ್ವಯಂಸೇವಕರು ಪಠ್ಯರೂಪಕ್ಕೆ ತರುವ ತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಪುಸ್ತಕವೊಂದರ ಪುಟವನ್ನು ತೆರೆದರೆ ಒಂದು ಪಕ್ಕದಲ್ಲಿ ಸ್ಕ್ಯಾನ್ ಮಾಡಿದ ಪುಟ, ಇನ್ನೊಂದು ಪಕ್ಕದಲ್ಲಿ ಯಂತ್ರ ಓದಿದ ಪಠ್ಯ ಇರುತ್ತದೆ. 'ಪ'ಕಾರ 'ವ'ಕಾರವಾಗಿರುತ್ತದೆ, ಒತ್ತು ಜಾರಿರುತ್ತದೆ, ಅರ್ಕಾವತ್ತು ಬಿಟ್ಟುಹೋಗಿರುತ್ತದೆ. ಸಾಲುಸಾಲಾಗಿ ಹೋಲಿಸಿ ತಿದ್ದಿ ಉಳಿಸಬೇಕು. ತಿದ್ದದ ಪುಟಕ್ಕೆ ಕೆಂಪು ಗುರುತು, ಒಬ್ಬರು ತಿದ್ದಿದ ಮೇಲೆ ಹಳದಿ, ಇನ್ನೊಬ್ಬರು ಪರಿಶೀಲಿಸಿದ ಮೇಲೆ ಹಸಿರು. ಹೀಗೆ ಹಸಿರಾದ ಪುಸ್ತಕವನ್ನು ಮೊಬೈಲಿನಲ್ಲಿ ಅಕ್ಷರ ಹಿಗ್ಗಿಸಿ ಓದಬಹುದು, ಅದರೊಳಗೆ ಪದ ಹುಡುಕಬಹುದು, ಕಣ್ಣು ಕಾಣದವರು ಯಂತ್ರದಿಂದ ಓದಿಸಿಕೊಳ್ಳಬಹುದು. ನಿಮ್ಮ ಮನೆಯ ಅಟ್ಟದಲ್ಲಿ 1964ರೊಳಗೆ ತೀರಿಕೊಂಡ ಲೇಖಕರ ಪುಸ್ತಕವೇನಾದರೂ ಇದ್ದರೆ ಮೊದಲು ಅದು ಜಾಲದಲ್ಲಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಹೊಲಿಗೆ ಬಿಚ್ಚದೆ, ಕಿಟಕಿಯ ಬೆಳಕಿನಲ್ಲಿ, ಮೊಬೈಲನ್ನು ಪುಟಕ್ಕೆ ನೇರವಾಗಿ ಹಿಡಿದು, ಹೊದಿಕೆಯಿಂದ ಕೊನೆಯ ಜಾಹೀರಾತಿನ ಪುಟದವರೆಗೆ ಯಾವುದನ್ನೂ ಬಿಡದೆ ಚಿತ್ರ ತೆಗೆದು ಪಿಡಿಎಫ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಏರಿಸಿ. ಏರಿಸುವಾಗ ಶೀರ್ಷಿಕೆಯನ್ನೂ ಲೇಖಕರ ಹೆಸರನ್ನೂ ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ ಬರೆಯಿರಿ. ಪ್ರಕಾಶಕರು, ಊರು, ಮುದ್ರಣದ ವರ್ಷ, ಲೇಖಕರು ತೀರಿಕೊಂಡ ವರ್ಷ ಇವಿಷ್ಟನ್ನೂ ವಿವರಣೆಯ ಜಾಗದಲ್ಲಿ ತುಂಬಿ, ಭಾಷೆ ಕನ್ನಡ ಎಂದು ಗುರುತಿಸಿ.